ಬಲಿಪೀಠದಿಂದ ಹೊಸ್ತಿಲವರೆಗೆ

(ಧರ್ಮಕೇಂದ್ರದ ಶತಮಾನೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ದೇವಾಲಯಕ್ಕೆ ನೂರು ವರ್ಷ ತುಂಬಿದ ಈ ಶುಭಸಂದರ್ಭದಲ್ಲಿ ನಾಲ್ಕು ಮಾತುಗಳನ್ನಾಡಬೇಕೆಂದು ತಾವು ಕೇಳಿಕೊಂಡಿದ್ದೀರಿ. ಕಟ್ಟಡದ ಚರಿತ್ರೆಯನ್ನು ಹೇಳಬಲ್ಲ ಹಿರಿಯರು ಇಲ್ಲಿಯೇ ಇದ್ದಾರೆ. ಈ ಗೋಡೆಗಳ ಒಳಗೆ ಪ್ರತಿ ಭಾನುವಾರ ನಾವು ಘೋಷಿಸುವ ವಿಶ್ವಾಸವು ಗೋಡೆಗಳ ಹೊರಗೆ ಎಷ್ಟು ದೂರ ನಡೆಯುತ್ತದೆ ಎಂಬುದನ್ನು ಕುರಿತು ಮಾತ್ರ ನಾವು ತಮ್ಮೊಡನೆ ವಿಚಾರ ಮಾಡಬಯಸುತ್ತೇವೆ.

ಶರಾವತಿಯ ದಡದಲ್ಲಿ ಬಾಳುವವರಿಗೆ ದೂರವೆಂದರೇನೆಂದು ಕಲಿಸಬೇಕಾಗಿಲ್ಲ. ಹಳೆಯ ಹಿರೇಭಾಸ್ಕರ ಅಣೆಕಟ್ಟನ್ನೇ ತನ್ನೊಡಲಿಗೆ ಹಾಕಿಕೊಂಡು 1964ರಲ್ಲಿ ಲಿಂಗನಮಕ್ಕಿಯ ನೀರು ನಿಂತಿತು. ಗದ್ದೆ ತೋಟಗಳು ಮುಳುಗಿದವು. ಒಂದೇ ಸೀಮೆಯಾಗಿದ್ದ ಊರುಗಳ ನಡುವೆ ಹಿನ್ನೀರು ಹರಡಿತು. ತುಮರಿಯ ಜನರಿಗೆ ಸಾಗರದ ಪೇಟೆಯೇ ಪರಸ್ಥಳವಾಯಿತು. ನಾಡಿಗೆಲ್ಲ ಬೆಳಕಾಗಲೆಂದು ನೆಲ ಬಿಟ್ಟುಕೊಟ್ಟವರು ತಾವು ಬಹುಕಾಲ ಸೀಮೆಎಣ್ಣೆಯ ಬುಡ್ಡಿಯ ಮುಂದೆ ಕುಳಿತರು. ಮಣ್ಣಿನಲ್ಲಿ ಬಿದ್ದು ಅಳಿಯುವ ಗೋದಿಯ ಕಾಳನ್ನು ಕುರಿತ ಯೇಸುಸ್ವಾಮಿಯ ಸಾಮ್ಯವನ್ನು ಈ ಸೀಮೆಯವರು ಬದುಕಿಯೇ ಅರಿತಿದ್ದಾರೆ.

ಅದೇ 1964ರ ನವೆಂಬರ್ 21ರಂದು ರೋಮಿನಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆಯು ಧರ್ಮಸಭೆಯನ್ನು ಕುರಿತ ತನ್ನ ಸಂವಿಧಾನವನ್ನು ಪ್ರಕಟಿಸಿತು. 'ಲೂಮೆನ್ ಜೆನ್ಸಿಯುಂ', ಅಂದರೆ ಜನಾಂಗಗಳ ಜ್ಯೋತಿ, ಎಂದು ಅದರ ಹೆಸರು. ಪವಿತ್ರ ಜೀವನವು ಗುರುಗಳಿಗೂ ಕನ್ಯಾಸ್ತ್ರೀಯರಿಗೂ ಮೀಸಲಾದುದಲ್ಲ, ದೀಕ್ಷಾಸ್ನಾನ ಪಡೆದ ಪ್ರತಿಯೊಬ್ಬರಿಗೂ ಆ ಕರೆಯುಂಟು ಎಂದು ಅದು ಬೋಧಿಸಿತು. ಕ್ರೈಸ್ತ ಕುಟುಂಬವನ್ನು ಮನೆಯೊಳಗಿನ ಧರ್ಮಸಭೆಯೆಂದು ಕಂಡಿತು. ಗುರುಮಠದಲ್ಲಿ ಇದನ್ನೆಲ್ಲ ಓದಿ, ಪರೀಕ್ಷೆ ಬರೆದು, ಒಳ್ಳೆಯ ಅಂಕಗಳನ್ನೂ ಪಡೆದೆವು. ಅರ್ಥವಾಗಿದ್ದು ಮಾತ್ರ ಬಹಳ ತಡವಾಗಿ, ತುಮರಿಯ ಕಡೆಯ ಒಂದು ಮನೆಯ ಜಗಲಿಯ ಮೇಲೆ.

ಇಪ್ಪತ್ತು ವರ್ಷಗಳ ಹಿಂದಿನ ಮಾತು. ಮಳೆಗಾಲ. ಹೊಳೆಯಾಚೆಯ ನಮ್ಮ ವಿಶ್ವಾಸಿ ಅಜ್ಜಿಯೊಬ್ಬರು ಹಾಸಿಗೆ ಹಿಡಿದಿದ್ದಾರೆ, ಪರಮಪ್ರಸಾದಕ್ಕಾಗಿ ಕಾಯುತ್ತಿದ್ದಾರೆ ಎಂದು ಯುವಕನೊಬ್ಬನು ಬೆಳಗಿನ ಲಾಂಚಿನಲ್ಲಿ ದಾಟಿ ಬಂದು ತಿಳಿಸಿದನು. ಆ ದಿನ ಹಬ್ಬದ ಸಿದ್ಧತೆಯ ಸಭೆಯಿತ್ತು. ಬಾವುಟದ ಕಂಬಕ್ಕೆ ಯಾವ ಬಣ್ಣ, ಮೆರವಣಿಗೆಯಲ್ಲಿ ಯಾರು ಮುಂದೆ ಎಂಬ ಚರ್ಚೆ ಬೆಳೆಯಿತು. ಮಧ್ಯಾಹ್ನ ಹೊರಟರಾಯಿತು ಎಂದುಕೊಂಡೆವು, ಮಧ್ಯಾಹ್ನ ಸಂಜೆಯಾಯಿತು. ಅಂಬಾರಗೋಡ್ಲಿನ ದಡಕ್ಕೆ ಬಂದಾಗ ಕೊನೆಯ ಲಾಂಚು ಆಚೆ ದಡ ಸೇರಿತ್ತು. ಪವಿತ್ರ ತೈಲವನ್ನು ಜೇಬಿನಲ್ಲಿಟ್ಟುಕೊಂಡು, ಕತ್ತಲಾದ ನೀರನ್ನು ನೋಡುತ್ತ ಹಿಂದಿರುಗಿದೆವು.

ಮರುದಿನ ನಾವು ಹೋಗುವಷ್ಟರಲ್ಲಿ ಅಜ್ಜಿ ಪ್ರಭುವಿನಲ್ಲಿ ನಿದ್ರಿಸಿದ್ದರು. ತಲೆಯ ಬಳಿ ಒಂದು ದೀಪ, ಬೆರಳುಗಳ ನಡುವೆ ಜಪಮಾಲೆ. ರಾತ್ರಿಯೆಲ್ಲ ಪಕ್ಕದಲ್ಲಿದ್ದವರು ನೆರೆಮನೆಯ ಹಿಂದೂ ತಾಯಿ. ಅವರು ನಮಗೆ ಹೇಳಿದ್ದು ಇಷ್ಟೇ: "ಬಾಗಿಲ ಕಡೆನೇ ನೋಡ್ತಿದ್ರು ಸ್ವಾಮಿ. ನಂಗೆ ನಿಮ್ಮ ಪ್ರಾರ್ಥನೆ ಬರೂದಿಲ್ಲ. ಮಣಿಸರ ಕೈಗೆ ಕೊಟ್ಟು, ಆ ಕೈ ಹಿಡ್ಕೊಂಡು ಕೂತೆ."

ದೇವರು ತನ್ನ ಕೃಪೆಯನ್ನು ಸಂಸ್ಕಾರಗಳ ಮೂಲಕ ಕೊಡುತ್ತಾನೆ, ಆದರೆ ತಾನೇ ಸಂಸ್ಕಾರಗಳಿಂದ ಕಟ್ಟುಬೀಳುವವನಲ್ಲ ಎಂಬುದು ಸಂತ ಥಾಮಸ್ ಅಕ್ವಿನಾಸರ ಕಾಲದಿಂದ ಬಂದ ನಮ್ಮ ಧರ್ಮಸಭೆಯ ಬೋಧನೆ. ಆ ಅಜ್ಜಿಯ ವಿಷಯದಲ್ಲಿ ಅದು ನಮಗೆ ಸಾಂತ್ವನ. ನಮ್ಮ ವಿಷಯದಲ್ಲಿ ಅದು ನೆಪವಾಗಲಾರದು. ದೇವರು ಬೇರೆ ದಾರಿಯಿಂದ ಬಂದನೆಂದ ಮಾತ್ರಕ್ಕೆ ನಾವು ಬಾರದೆ ಉಳಿದ ತಪ್ಪು ಅಳಿಯುವುದಿಲ್ಲ. ಪಾಪನಿವೇದನೆಯಲ್ಲಿ ಕ್ಷಮೆ ದೊರಕಿತು, ನೆನಪು ಉಳಿಯಿತು. ಅದು ಉಳಿದುದೇ ಒಳಿತೆಂದು ಈಗ ತೋರುತ್ತದೆ. ಏಕೆಂದರೆ ರೋಗಿಯಾಗಿ, ಹಸಿದವನಾಗಿ, ಪರದೇಶಿಯಾಗಿ ತಾನೇ ಕಾಯುತ್ತಿದ್ದೆನೆಂದು ಸ್ವಾಮಿಯು ಕಡೆಯ ತೀರ್ಪಿನ ದಿನ ಹೇಳುವ ಮಾತನ್ನು ನಾವು ಅಂದಿನಿಂದ ಬೇರೆ ಕಿವಿಯಿಂದ ಕೇಳುತ್ತಿದ್ದೇವೆ.

ಅಂದು ನೀರು ಅಡ್ಡವಾಯಿತೆಂದು ಹೇಳುವುದು ಸುಲಭ. ನಿಜವಾಗಿ ಅಡ್ಡವಾದದ್ದು ಬಾವುಟದ ಕಂಬ. 2025ರ ಜುಲೈ 14ರಂದು ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವಿನ ಸೇತುವೆ ಉದ್ಘಾಟನೆಯಾಯಿತು. ಸುಮಾರು ಎರಡೂವರೆ ಕಿಲೋಮೀಟರು ಉದ್ದದ ಆ ಸೇತುವೆಯನ್ನು ಮೊದಲ ಸಲ ದಾಟುವಾಗ ನಮಗೆ ಸಂತೋಷದೊಡನೆ ಅಂಜಿಕೆಯೂ ಆಯಿತು. ಇನ್ನು ಲಾಂಚಿನ ಹೆಸರು ಹೇಳಿ ತಪ್ಪಿಸಿಕೊಳ್ಳುವಂತಿಲ್ಲ.

ಪ್ರಿಯರೇ, ನಮ್ಮ ಒಂದೊಂದು ಮನೆಯಲ್ಲಿಯೂ ಇಂಥ ಹಿನ್ನೀರುಗಳಿವೆ. ಒಂದೇ ಬಾವಿಯ ನೀರು ಕುಡಿದು ಮಾತು ಬಿಟ್ಟ ಅಣ್ಣತಮ್ಮಂದಿರಿದ್ದಾರೆ. ಕೂಲಿ ಲೆಕ್ಕ ತೀರದೆ ಹಿಂದಿರುಗಿದ ಆಳು ಇದ್ದಾನೆ. ಮಕ್ಕಳೆಲ್ಲ ಬೆಂಗಳೂರು, ಮುಂಬಯಿ ಸೇರಿದ ಮೇಲೆ ಬಾಗಿಲ ಕಡೆ ನೋಡುತ್ತ ಮಲಗಿದ ತಂದೆತಾಯಿಯರಿದ್ದಾರೆ. ಪರಮಪ್ರಸಾದವನ್ನು ಸ್ವೀಕರಿಸಿ ಇವರನ್ನು ದಾಟಿಕೊಂಡು ಹೋದರೆ ನಮ್ಮ ಬಲಿಪೂಜೆ ಅರ್ಧದಲ್ಲಿಯೇ ನಿಂತಂತೆ.

ಆದುದರಿಂದ ಈ ಶತಮಾನೋತ್ಸವದ ವರ್ಷದಲ್ಲಿ ನಾವು ತಮ್ಮಲ್ಲಿ ಬೇಡುವುದು ಹಣವನ್ನಲ್ಲ. ಪ್ರತಿ ಕುಟುಂಬವೂ ತಾನು ಬಹುದಿನದಿಂದ ಹೋಗದೆ ಬಿಟ್ಟ ಒಂದು ಮನೆಯನ್ನು ನೆನೆದು, ಜಾತಿಮತವೆನ್ನದೆ, ಆ ಹೊಸ್ತಿಲನ್ನು ತುಳಿಯಲಿ. ಮಾತು ಬಾರದಿದ್ದರೆ ಚಿಂತೆಯಿಲ್ಲ. ಕೈ ಹಿಡಿದು ಕುಳಿತರೂ ಸಾಕು. ಅದನ್ನು ನಮಗೆ ಕಲಿಸಿದವರು ನಮ್ಮ ಪ್ರಾರ್ಥನೆ ಬಾರದ ಒಬ್ಬ ತಾಯಿ.

ಕಾನಾ ಊರಿನ ಮನೆಯ ಕೊರತೆಯನ್ನು ಎಲ್ಲರಿಗಿಂತ ಮೊದಲು ಕಂಡ ಮಾತೆ ಮರಿಯಮ್ಮನವರು ನಮ್ಮ ಕಣ್ಣುಗಳನ್ನು ತೆರೆಸಲಿ. ಸಾಯಂಕಾಲವಾಗುವ ಮುನ್ನವೇ ಹೊರಡುವ ಕಾಲುಗಳನ್ನು ದೇವರು ನಮಗೆ ದಯಪಾಲಿಸಲಿ. ಆಮೆನ್.