ಫಿನ್ನಿಷ್ ಕಲಿಯಲೋ, ಸ್ವೀಡಿಷ್ ಕಲಿಯಲೋ?
(ಮಹಿಳಾ ವೇದಿಕೆಯ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ನಮ್ಮ ಮಕ್ಕಳು ವಿದೇಶಕ್ಕೆ ಹೋಗುವುದು ಈಗ ಹೊಸ ಸುದ್ದಿಯಲ್ಲ. ಹಿಂದೆ ಅಮೆರಿಕ, ಇಂಗ್ಲೆಂಡ್ ಎನ್ನುತ್ತಿದ್ದೆವು. ಈಗ ಜರ್ಮನಿ, ನೆದರ್‌ಲ್ಯಾಂಡ್ಸ್, ಫಿನ್‌ಲ್ಯಾಂಡ್ ಎನ್ನುತ್ತೇವೆ. ಅಲ್ಲಿ ಕಾಯಂ ಆಗಿ ನೆಲೆಸಬೇಕಾದರೆ ಆ ದೇಶದ ಭಾಷೆ ಬರುತ್ತದೆಂದು ತೋರಿಸಬೇಕು. ಕೆಲವು ದೇಶಗಳಲ್ಲಿ ಇನ್ನೊಂದು ಪ್ರಶ್ನೆಯೂ ಏಳುತ್ತದೆ. ಅಲ್ಲಿ ಒಂದಕ್ಕಿಂತ ಹೆಚ್ಚು ರಾಷ್ಟ್ರಭಾಷೆಗಳಿದ್ದು, ಪರೀಕ್ಷೆಗೆ ಯಾವುದನ್ನು ಕಲಿಯಬೇಕೆಂದು ನಾವೇ ಆರಿಸಿಕೊಳ್ಳಬೇಕು. ಇವತ್ತು ಫಿನ್‌ಲ್ಯಾಂಡನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಈ ಆಯ್ಕೆಯ ಬಗ್ಗೆ ಮಾತಾಡುತ್ತೇನೆ. ನನ್ನ ಅಕ್ಕನ ಮಗಳು ಅಲ್ಲಿ ಟಾಂಪೆರೆ ಊರಿನಲ್ಲಿದ್ದಾಳೆ. ಅವಳಿಗಾಗಿ ಹುಡುಕಿ ಓದಿದ್ದು ನಿಮ್ಮಲ್ಲಿ ಯಾರಿಗಾದರೂ ಉಪಯೋಗಕ್ಕೆ ಬಂದೀತು.

ಫಿನ್‌ಲ್ಯಾಂಡ್ 1809ರವರೆಗೆ ಸ್ವೀಡನ್ನಿನ ಭಾಗವಾಗಿತ್ತು. ಹಾಗಾಗಿ ಇಂದಿಗೂ ಅಲ್ಲಿನ ಸಂವಿಧಾನದಲ್ಲಿ ಫಿನ್ನಿಷ್ ಮತ್ತು ಸ್ವೀಡಿಷ್ ಎರಡೂ ರಾಷ್ಟ್ರಭಾಷೆಗಳು. ಸ್ವೀಡಿಷ್ ಮಾತೃಭಾಷೆಯವರು ನೂರಕ್ಕೆ ಐದರಷ್ಟು ಮಾತ್ರ. ಆದರೂ ಪೌರತ್ವಕ್ಕೆ ಎರಡರಲ್ಲಿ ಯಾವ ಭಾಷೆಯ ಪರೀಕ್ಷೆ ಪಾಸಾದರೂ ಬೆಲೆ ಒಂದೇ. ಪರೀಕ್ಷೆಯ ಹೆಸರು ಯುಕಿ. ಓದು, ಬರಹ, ಮಾತು, ಕೇಳಿ ತಿಳಿಯುವುದು ಎಂದು ಅದಕ್ಕೆ ನಾಲ್ಕು ಭಾಗಗಳು. ಅಂಕ ಒಂದರಿಂದ ಆರರವರೆಗೆ. ಪೌರತ್ವಕ್ಕೆ ಕೇಳುವುದು ಮೂರನೆಯ ಹಂತ.

2026ರ ಜನವರಿಯಿಂದ ಕಾಯಂ ವಾಸದ ಪರವಾನಗಿಯ ನಿಯಮವೂ ಬಿಗಿಯಾಗಿದೆ. ಸಾಮಾನ್ಯ ದಾರಿ ಎಂದರೆ ಆರು ವರ್ಷದ ವಾಸ, ಎರಡು ವರ್ಷದ ಕೆಲಸ, ಜೊತೆಗೆ ಭಾಷೆ. ವರ್ಷಕ್ಕೆ 40,000 ಯೂರೋ ಆದಾಯವಿರುವವರಿಗೆ ನಾಲ್ಕೇ ವರ್ಷದ ಬೇರೊಂದು ದಾರಿಯೂ ಇದೆ.

ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಆ ಆದಾಯದ ದಾರಿಯಲ್ಲಿ ನಡೆಯುವವರು ಯಾರು? ಎಂಜಿನಿಯರ್ ಕೆಲಸದ ಮೇಲೆ ಹೋದ ಗಂಡ. ಅವನ ಆಫೀಸು ಇಂಗ್ಲಿಷಿನಲ್ಲಿ ನಡೆಯುತ್ತದೆ, ಭಾಷೆ ಕಲಿಯದಿದ್ದರೂ ಅವನ ಕೆಲಸ ನಿಲ್ಲುವುದಿಲ್ಲ. ಅವನ ಜೊತೆ ಹೋಗಿ, ಇಲ್ಲಿನ ಕೆಲಸ ಬಿಟ್ಟು, ಕೂಸು ನೋಡಿಕೊಂಡು ಮನೆಯಲ್ಲಿರುವ ಹೆಂಡತಿ ಉದ್ದದ ದಾರಿಯಲ್ಲೇ ಹೋಗಬೇಕು. ಅವಳ ಈಗಿನ ಪರವಾನಗಿ ಕುಟುಂಬದ ಸಂಬಂಧದ ಮೇಲೆ ನಿಂತಿದೆ. ಕಾಯಂ ಪರವಾನಗಿ ಸಿಕ್ಕರೆ ಅದು ಅವಳದೇ ಹೆಸರಿನ, ಅವಳದೇ ಕಾಲಿನ ಮೇಲೆ ನಿಂತ ಹಕ್ಕು. ಅದಕ್ಕೇ ಈ ವಿಷಯವನ್ನು ಮಹಿಳಾ ವೇದಿಕೆಯಲ್ಲಿ ಎತ್ತಿದ್ದೇನೆ.

ಈಗ ಆಯ್ಕೆಗೆ ಬರೋಣ. "ಸ್ವೀಡಿಷ್ ಸುಲಭ, ಅದನ್ನೇ ಕಲಿತು ಪಾಸಾಗಿಬಿಡು" ಎಂದು ನಮ್ಮ ಹುಡುಗಿಗೆ ಗೆಳತಿಯರು ಹೇಳಿದ್ದರು. ಆ ಮಾತಿನಲ್ಲಿ ಸತ್ಯವಿದೆ. ಸ್ವೀಡಿಷ್ ಇಂಗ್ಲಿಷಿನ ದಾಯಾದಿ. ಪುಸ್ತಕಕ್ಕೆ ಬೂಕ್, ನೀರಿಗೆ ವತ್ತೆನ್, ಬೇಸಿಗೆಗೆ ಸೊಮ್ಮರ್. ಇಂಗ್ಲಿಷ್ ಬಲ್ಲವರಿಗೆ ಅರ್ಧ ಪದಗಳು ಮುಖಪರಿಚಯದವೇ. ಫಿನ್ನಿಷ್‌ನಲ್ಲಿ ಪುಸ್ತಕ ಕಿರ್ಯ, ನೀರು ವೆಸಿ. ಎಲ್ಲವನ್ನೂ ಮೊದಲಿನಿಂದ ಬಾಯಿಪಾಠ ಮಾಡಬೇಕು. ಅದಕ್ಕೆ ಹದಿನೈದು ವಿಭಕ್ತಿಗಳು ಬೇರೆ!

ವಿಭಕ್ತಿ ಎಂದ ಕೂಡಲೇ ಇಂಗ್ಲಿಷಿನವರು ಹೆದರುತ್ತಾರೆ. ನಾವು ಯಾಕೆ ಹೆದರಬೇಕು? ಶಾಲೆಯಲ್ಲಿ ವಿಭಕ್ತಿ ಪ್ರತ್ಯಯಗಳನ್ನು ಹಾಡಿನಂತೆ ಹೇಳಿದವರು ನಾವು. ಮನೆಗೆ ತಲೊ ಎನ್ನುತ್ತಾರೆ. ಮನೆಯಲ್ಲಿ ಎಂದರೆ ತಲೊಸ್ಸ, ಮನೆಯಿಂದ ಎಂದರೆ ತಲೊಸ್ತ. ನಮ್ಮ ಹಾಗೆಯೇ ಪದದ ಬಾಲಕ್ಕೆ ಪ್ರತ್ಯಯ ಅಂಟಿಸುವ ಭಾಷೆ ಅದು. "ನನ್ನ ಹತ್ತಿರ ಕಾರು ಇದೆ" ಎಂಬುದನ್ನೂ ನಮ್ಮಂತೆಯೇ "ನನ್ನ ಬಳಿ ಇದೆ" ಎಂದು ಹೇಳುತ್ತಾರೆ; ಇಂಗ್ಲಿಷಿನ ಹ್ಯಾವ್ ಅವರಲ್ಲೂ ಇಲ್ಲ. ಹ್ರಸ್ವ, ದೀರ್ಘ, ಒತ್ತಕ್ಷರದ ವಿಷಯದಲ್ಲೂ ಅಷ್ಟೆ. ಬಲ ಬೇರೆ, ಬಾಲ ಬೇರೆ. ಹಳಿ ಬೇರೆ, ಹಳ್ಳಿ ಬೇರೆ. ಅಲ್ಲಿ ತಪಾನ್ ಎಂದರೆ ಭೇಟಿಯಾಗುತ್ತೇನೆ, ತಪನ್ ಎಂದರೆ ಕೊಲ್ಲುತ್ತೇನೆ! ದೀರ್ಘ ತಪ್ಪಿದರೆ ಗತಿ ಏನು ನೋಡಿ. ನಮ್ಮ ಕಿವಿಗೆ ಈ ವ್ಯತ್ಯಾಸ ತಾನಾಗಿ ಸಿಗುತ್ತದೆ.

1856ರಲ್ಲಿ ದ್ರಾವಿಡ ಭಾಷೆಗಳ ವ್ಯಾಕರಣ ಬರೆದ ಕಾಲ್ಡ್‌ವೆಲ್ ಈ ಹೋಲಿಕೆಗಳನ್ನು ನೋಡಿ ನಂಟಿರಬಹುದು ಎಂದು ಊಹಿಸಿದ್ದರು. ಇಂದಿನ ವಿದ್ವಾಂಸರು ಆ ನಂಟನ್ನು ಒಪ್ಪುವುದಿಲ್ಲ. ನಂಟಿಲ್ಲದಿದ್ದರೂ ಕಟ್ಟಡದ ರೀತಿ ಒಂದೇ ಎಂಬುದು ಕಲಿಯುವವರಿಗೆ ಧೈರ್ಯ ಕೊಡುತ್ತದೆ.

ಹಾಗೆಂದು ಫಿನ್ನಿಷ್ ಸುಲಭ ಎಂದು ನಾನು ಹೇಳುತ್ತಿಲ್ಲ. ಅದಕ್ಕೆ ವರ್ಷಗಳೇ ಬೇಕು. ಪುಸ್ತಕದ ಭಾಷೆ ಒಂದು, ಬಾಯಿಮಾತು ಇನ್ನೊಂದು. "ಹೋಗುತ್ತೇನೆ" ನಮ್ಮಲ್ಲಿ "ಹೋಗ್ತೀನಿ" ಆಗುವ ಹಾಗೆ, ಅವರ "ಮಿನ ಒಲೆನ್" ಬೀದಿಯಲ್ಲಿ "ಮ ಓನ್" ಆಗಿಬಿಡುತ್ತದೆ. ಸ್ವೀಡಿಷ್‌ಗಿಂತ ಹೆಚ್ಚು ದಿನ ಹಿಡಿಯುವುದು ನಿಜ.

ಆದರೂ ನಮ್ಮ ಹುಡುಗಿಗೆ ನಾನು ಕೇಳಿದ್ದು ಒಂದೇ ಪ್ರಶ್ನೆ. "ಪುಟ್ಟಿ, ಪರೀಕ್ಷೆಯ ಕಾಗದ ಒಂದು ಷರತ್ತು. ಎರಡು ವರ್ಷದ ಕೆಲಸವೂ ಷರತ್ತೇ. ನಿನ್ನ ಊರಿನಲ್ಲಿ ಕೆಲಸ ಕೊಡುವ ಭಾಷೆ ಯಾವುದು?" ಟಾಂಪೆರೆ ಫಿನ್ನಿಷ್ ಭಾಷೆಯ ಊರು. ಅಂಗಡಿ, ಶಿಶುವಿಹಾರ, ಆರೋಗ್ಯ ಕೇಂದ್ರ, ಪಕ್ಕದ ಮನೆ, ಎಲ್ಲ ಕಡೆ ಕಿವಿಗೆ ಬೀಳುವುದು ಫಿನ್ನಿಷ್. ಅಲ್ಲಿ ಸ್ವೀಡಿಷ್ ಕಲಿತರೆ ಸರ್ಟಿಫಿಕೇಟು ಬಂದೀತು. ಕೆಲಸಕ್ಕಾಗಿ ಮತ್ತೆ ಫಿನ್ನಿಷ್ ಕಲಿಯಬೇಕಾದೀತು. ಅವಳು ಒಂದು ವಾರ ಯೋಚಿಸಿ ಫಿನ್ನಿಷ್ ಆರಿಸಿಕೊಂಡಳು. ಪರೀಕ್ಷೆ ಇನ್ನೂ ಮುಂದಿದೆ. ಮಗುವಿನ ಶಿಶುವಿಹಾರದ ಶಿಕ್ಷಕಿಯ ಜೊತೆ ಮಾತ್ರ ಈಗಲೇ ತಾನೇ ಮಾತಾಡುತ್ತಾಳೆ.

ಇದೇ ಪ್ರಶ್ನೆಗೆ ಬೇರೆ ಊರಿನಲ್ಲಿ ಬೇರೆ ಉತ್ತರ ಬರಬಹುದು. ಪಶ್ಚಿಮ ಕರಾವಳಿಯ ನಾರ್ಪೆಸ್ ಎಂಬ ಪುಟ್ಟ ಊರು ಗಾಜಿನ ಮನೆಗಳಲ್ಲಿ ಟೊಮೆಟೊ ಬೆಳೆಯುವುದಕ್ಕೆ ಹೆಸರಾದದ್ದು. ಅಲ್ಲಿ ಬೀದಿಯ ಭಾಷೆಯೇ ಸ್ವೀಡಿಷ್. ಓಲಂಡ್ ದ್ವೀಪಗಳಲ್ಲಿ ಸರ್ಕಾರಿ ಭಾಷೆ ಸ್ವೀಡಿಷ್ ಒಂದೇ. ಅಂಥಲ್ಲಿ ಇರುವವಳು, ಅಥವಾ ನಾಳೆ ಸ್ವೀಡನ್ನಿಗೆ ಹೋಗುವ ಯೋಚನೆ ಇರುವವಳು ಸ್ವೀಡಿಷ್ ಕಲಿಯುವುದೇ ಜಾಣತನ. ಈಗಾಗಲೇ ಇಂಗ್ಲಿಷಿನ ಕೆಲಸ ಗಟ್ಟಿಯಾಗಿದ್ದು, ಅವಧಿ ಮಾತ್ರ ಹತ್ತಿರ ಬಂದಿದ್ದರೂ ಸ್ವೀಡಿಷ್ ಹಿಡಿಯಬಹುದು. ಕಾನೂನೇ ಕೊಟ್ಟ ದಾರಿ ಅದು, ಅಡ್ಡದಾರಿಯಲ್ಲ.

ಹೀಗಾಗಿ "ಯಾವುದು ಸುಲಭ?" ಎಂಬುದನ್ನು ಕೊನೆಯ ಪ್ರಶ್ನೆಯಾಗಿ ಇಟ್ಟುಕೊಳ್ಳಿ. ಮೊದಲು ಕೇಳಬೇಕಾದವು ಇವು: ನಾನು ಇರುವ ಊರಿನ ಬೀದಿಯ ಭಾಷೆ ಯಾವುದು? ನನ್ನ ವೃತ್ತಿಗೆ ಬೇಕಾದ್ದು ಯಾವುದು? ಮಗು ಯಾವ ಭಾಷೆಯ ಶಾಲೆಗೆ ಹೋಗುತ್ತದೆ? ಐದು ವರ್ಷದ ನಂತರವೂ ಇದೇ ಊರಿನಲ್ಲಿ ಇರುತ್ತೇವೆಯೇ?

ಹೊರನಾಡ ಕನ್ನಡತಿಯರಾದ ನಮಗೆ ಈ ಲೆಕ್ಕಾಚಾರ ಹೊಸದೇನಲ್ಲ. ಮದುವೆಯಾಗಿ ಈ ಊರಿಗೆ ಬಂದಾಗ ಯಜಮಾನರ ಆಫೀಸು ಇಂಗ್ಲಿಷಿನಲ್ಲಿ ನಡೆಯುತ್ತಿತ್ತು. ಭಾಜಿಯವಳ ಜೊತೆ, ಹಾಲಿನವನ ಜೊತೆ, ಮಕ್ಕಳ ಟೀಚರ ಜೊತೆ ಮರಾಠಿ ಮಾತಾಡಿದವರು ನಾವು. ಯಾರೂ ಪರೀಕ್ಷೆ ಇಡಲಿಲ್ಲ. ಬದುಕಿಗೆ ಬೇಕಿತ್ತು, ಕಲಿತೆವು. ಮರಾಠಿ ಬಂದ ಮೇಲೆ ಕನ್ನಡವೇನೂ ಮನೆ ಬಿಟ್ಟು ಹೋಗಲಿಲ್ಲ.

ಹೆಣ್ಣುಮಕ್ಕಳನ್ನು, ಸೊಸೆಯಂದಿರನ್ನು ಅಲ್ಲಿಗೆ ಕಳಿಸಿರುವವರಿಗೆ ಮೂರು ಮಾತು. ಒಂದು, ಹೋದ ಮೊದಲ ವರ್ಷವೇ ತರಗತಿ ಸೇರಲು ಹೇಳಿ. ಕೆಲಸ ಹುಡುಕುತ್ತಿರುವ ವಲಸಿಗರಿಗೆ ಅಲ್ಲಿ ಭಾಷಾ ತರಬೇತಿಯ ಏರ್ಪಾಡಿದೆ. ಗ್ರಂಥಾಲಯಗಳಲ್ಲಿ ಭಾಷಾ ಕೆಫೆಗಳು ನಡೆಯುತ್ತವೆ, ರೇಡಿಯೋದಲ್ಲಿ ಸರಳ ಫಿನ್ನಿಷ್ ಸುದ್ದಿ ಬರುತ್ತದೆ. ಎರಡು, ನಿಯಮಗಳು ಬದಲಾಗುತ್ತಿರುತ್ತವೆ. ಪೌರತ್ವಕ್ಕೆ ಐದು ವರ್ಷವಿದ್ದ ವಾಸದ ಅವಧಿ 2024ರ ಅಕ್ಟೋಬರಿನಿಂದ ಎಂಟು ವರ್ಷವಾಗಿದೆ. ವಾಟ್ಸಾಪ್ ಮಾತು ನಂಬದೆ ವಲಸೆ ಇಲಾಖೆಯ ಜಾಲತಾಣವನ್ನೇ ನೋಡಲಿ.

ಮೂರನೆಯದು ನಮಗೇ. ಬಾಣಂತನಕ್ಕೋ ಮೊಮ್ಮಗುವನ್ನು ನೋಡುವುದಕ್ಕೋ ಮೂರು ತಿಂಗಳು ಹೋಗುತ್ತೇವಲ್ಲ, ಆಗ ಚಟ್ನಿಪುಡಿ, ಹಪ್ಪಳದ ಜೊತೆ ಇನ್ನೊಂದು ಉಡುಗೊರೆ ಕೊಡೋಣ. ದಿನಕ್ಕೆ ಎರಡು ಗಂಟೆ ಮಗುವನ್ನು ನಾವು ಎತ್ತಿಕೊಂಡು, "ನೀನು ಕ್ಲಾಸಿಗೆ ಹೋಗಿ ಬಾ" ಎಂದು ಅವಳನ್ನು ಕಳಿಸೋಣ. ಆ ಎರಡು ಗಂಟೆ ಮಗುವಿಗೆ ಅಜ್ಜಿಯ ಕನ್ನಡ, ತಾಯಿಗೆ ಅವಳ ಊರಿನ ಭಾಷೆ.