ಎಚ್.ಪಿ. ಹೆಚ್ಚಿದರೆ ದಾರಿ ಹೆಚ್ಚುವುದೇ?

(ವಿದ್ಯುತ್ ಕಾರುಗಳ ಶಕ್ತಿ ಹಾಗೂ ಓಟದ ದೂರವನ್ನು ಕುರಿತ ಉಪನ್ಯಾಸದ ಬರಹರೂಪ)



ವಿದ್ಯುತ್ ಕಾರು ಈ ನಾಡಿಗೆ ಹೊಸದೇನಲ್ಲ. 2001ರಲ್ಲಿಯೇ ಬೆಂಗಳೂರಿನಲ್ಲಿ ‘ರೇವಾ’ ಎಂಬ ಪುಟ್ಟ ಕಾರು ರಸ್ತೆಗಿಳಿಯಿತು. ಅದರದು ಸೀಸ-ಆಮ್ಲದ ಬ್ಯಾಟರಿ. ಒಮ್ಮೆ ತುಂಬಲು ಒಂಬತ್ತು-ಹತ್ತು ಯೂನಿಟ್ ವಿದ್ಯುತ್ ಸಾಕಾಗುತ್ತಿತ್ತು. ಓಟ ಸುಮಾರು 80 ಕಿಲೋಮೀಟರ್. 2010ರಲ್ಲಿ ಆ ಸಂಸ್ಥೆ ಮಹೀಂದ್ರ ಸಮೂಹದ ಕೈಸೇರಿತು. ಅದೇ ಸಮೂಹ 2024ರ ನವೆಂಬರ್‌ನಲ್ಲಿ ಅನಾವರಣಗೊಳಿಸಿದ ‘ಬಿಇ 6’ ಕಾರಿನ ದೊಡ್ಡ ಬ್ಯಾಟರಿಯಲ್ಲಿ 79 ಯೂನಿಟ್ ಹಿಡಿಯುತ್ತದೆ. ಅದರ ಮೋಟಾರಿನ ಶಕ್ತಿ 210 ಕಿಲೋವ್ಯಾಟ್, ಅಂದರೆ ಸುಮಾರು 280 ಎಚ್.ಪಿ. ಪರೀಕ್ಷೆಯ ಲೆಕ್ಕದಲ್ಲಿ ಅದರ ಓಟ 680 ಕಿ.ಮೀ. ಮೀರುತ್ತದೆ.

280 ಎಚ್.ಪಿ. ಎಂದರೆ ಹತ್ತು ಎಚ್.ಪಿ.ಯ ಇಪ್ಪತ್ತೆಂಟು ಪಂಪ್‌ಸೆಟ್‌ಗಳು ಒಮ್ಮೆಲೇ ಓಡಿದಂತೆ! ಹಾಗಾದರೆ ಆ ಶಕ್ತಿಯಿಂದಲೇ ಕಾರು ಅಷ್ಟು ದೂರ ಹೋಗುತ್ತದೆಯೇ? ಇಲ್ಲ. ತೋಟದ ತೊಟ್ಟಿಯನ್ನು ನೆನಪಿಗೆ ತಂದುಕೊಳ್ಳಿ. ಬ್ಯಾಟರಿ ತೊಟ್ಟಿಯಿದ್ದಂತೆ, ಎಚ್.ಪಿ. ಎಂಬುದು ತೊಟ್ಟಿಗೆ ಜೋಡಿಸಿದ ಪೈಪಿನ ಅಗಲ. ಪೈಪು ಅಗಲವಾದ ಮಾತ್ರಕ್ಕೆ ತೊಟ್ಟಿಯ ನೀರು ಹೆಚ್ಚುವುದಿಲ್ಲ. ಬೇಗ ಖಾಲಿ ಮಾಡುವ ಅವಕಾಶ ಮಾತ್ರ ಹೆಚ್ಚುತ್ತದೆ. ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 80 ಕಿ.ಮೀ. ವೇಗದಲ್ಲಿ ಸಾಗಲು ಇಂಥ ಕಾರಿಗೆ ಹದಿನೈದು-ಇಪ್ಪತ್ತು ಎಚ್.ಪಿ. ಸಾಕು. ಉಳಿದದ್ದು ಕೆಲವೇ ಕ್ಷಣಗಳ ರಭಸಕ್ಕೆ.

ಓಟವನ್ನು ನಿಜವಾಗಿ ನುಂಗುವವು ವೇಗ ಮತ್ತು ತೂಕ. ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟಾಗುತ್ತದೆ. ಬೆಂಗಳೂರಿನಿಂದ ಚಿಕ್ಕಬಳ್ಳಾಪುರಕ್ಕೆ ಬರುವ ಹೆದ್ದಾರಿಯಲ್ಲಿ ಗಂಟೆಗೆ 80ರ ಬದಲು 110 ಕಿ.ಮೀ. ವೇಗದಲ್ಲಿ ಬಂದರೆ, ಗಾಳಿಯನ್ನು ಸೀಳಲು ಪ್ರತಿ ಕಿಲೋಮೀಟರಿಗೆ ತೆರುವ ವಿದ್ಯುತ್ತು ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ.

ಇನ್ನು ಬೆಟ್ಟದ ಮಾತು. ನಂದಿಬೆಟ್ಟದ ಶಿಖರ ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರದಲ್ಲಿದೆ. ತಪ್ಪಲಿನಿಂದ ಏರಿಕೆ ಸುಮಾರು 550 ಮೀಟರ್. ಜನರೂ ಸೇರಿ 2,200 ಕಿಲೋ ತೂಗುವ ಕಾರು ಈ ಎತ್ತರ ಏರಲು, ನಷ್ಟವನ್ನು ಬಿಟ್ಟರೂ, ಮೂರೂಕಾಲು ಯೂನಿಟ್ ಬೇಕು. ಸಮತಟ್ಟು ರಸ್ತೆಯಲ್ಲಿ ಅಷ್ಟರಲ್ಲಿ ಇಪ್ಪತ್ತು ಕಿ.ಮೀ. ಸಾಗಬಹುದು. ಅರ್ಧ ತೂಕದ ಕಾರಿಗೆ ಅರ್ಧದಷ್ಟೇ ಸಾಕು. ಇಳಿಯುವಾಗ ಮೋಟಾರು ಡೈನಮೋದಂತೆ ತಿರುಗಿ ಒಂದು ಪಾಲನ್ನು ಬ್ಯಾಟರಿಗೆ ಹಿಂದಿರುಗಿಸುತ್ತದೆ. ಪೆಟ್ರೋಲ್ ಕಾರಿಗೆ ಈ ಭಾಗ್ಯವಿಲ್ಲ. ಆದರೆ ಬ್ಯಾಟರಿ ಆಗಲೇ ತುಂಬಿದ್ದರೆ ಮರಳಿದ ವಿದ್ಯುತ್ತಿಗೆ ಅಲ್ಲಿ ಜಾಗವಿರುವುದಿಲ್ಲ. ಆದ್ದರಿಂದ ಬೆಟ್ಟದ ಮೇಲೆ ಪೂರ್ತಿ ಚಾರ್ಜ್ ಮಾಡಿಕೊಂಡು ಇಳಿಯುವುದು ಜಾಣತನವಲ್ಲ.

ಈ ಯೂನಿಟ್ಟುಗಳ ಬೆಲೆಯನ್ನು ಚಿಂತಾಮಣಿ, ಶಿಡ್ಲಘಟ್ಟದ ರೈತರಿಗಿಂತ ಚೆನ್ನಾಗಿ ಬಲ್ಲವರು ಯಾರು? ಸಾವಿರ ಅಡಿ ಆಳದಿಂದ ಸಾವಿರ ಲೀಟರ್ ನೀರೆತ್ತಲು, ಪಂಪಿನ ದಕ್ಷತೆ ನೂರಕ್ಕೆ ನಲವತ್ತು ಎಂದಿಟ್ಟುಕೊಂಡರೆ, ಎರಡು ಯೂನಿಟ್ಟಿಗೂ ಸ್ವಲ್ಪ ಹೆಚ್ಚು ಬೇಕು. ಆ 79 ಯೂನಿಟ್ಟಿನಲ್ಲಿ ಸುಮಾರು 38 ಸಾವಿರ ಲೀಟರ್ ನೀರು ಮೇಲೆ ಬರುತ್ತದೆ. ಒಂದು ಎಕರೆ ಹಿಪ್ಪುನೇರಳೆ ತೋಟದ ಮೇಲೆ ಒಂಬತ್ತು ಮಿಲಿಮೀಟರ್ ಮಳೆ ಸುರಿದಷ್ಟು! ನೀರು ಪಾತಾಳಕ್ಕಿಳಿದಿರುವ ಈ ಸೀಮೆಯಲ್ಲಿ ವಿದ್ಯುತ್ತಿನ ವ್ಯರ್ಥ ಬಳಕೆಯೂ ನೀರಿನ ವ್ಯರ್ಥ ಬಳಕೆಯಷ್ಟೇ ಗಂಭೀರವಾದುದು.

ಇದು ವಿದ್ಯುತ್ ವಾಹನದ ವಿರುದ್ಧದ ಮಾತಲ್ಲ. ಹೊಗೆಯುಗುಳುವ ಎಂಜಿನ್ನಿಗಿಂತ ವಿದ್ಯುತ್ ಮೋಟಾರು ಬಹುಪಾಲು ದಕ್ಷ. ಪ್ರಶ್ನೆಯಿರುವುದು ಒಬ್ಬನನ್ನು ಒಯ್ಯಲು ಎರಡು ಟನ್ ತೂಕ ಬೇಕೇ ಎಂಬುದರಲ್ಲಿ. ಬೆಂಗಳೂರಿನಿಂದ ಚಿಕ್ಕಬಳ್ಳಾಪುರಕ್ಕೂ ಗೌರಿಬಿದನೂರಿಗೂ ಬರುವ ರೈಲುಮಾರ್ಗಗಳು ವಿದ್ಯುದೀಕರಣಗೊಂಡಿವೆ. ರಾಜ್ಯ ರಸ್ತೆ ಸಾರಿಗೆ ನಿಗಮವು 2023ರಲ್ಲಿ ಬೆಂಗಳೂರು-ಮೈಸೂರು ನಡುವೆ ವಿದ್ಯುತ್ ಬಸ್ ಆರಂಭಿಸಿತು. ಅಂಥ ಬಸ್ಸುಗಳು ಈ ನಾಲ್ಕೂ ಊರುಗಳ ನಡುವೆ ಓಡಲಿ. ಶಿಡ್ಲಘಟ್ಟಕ್ಕೆ ರೇಷ್ಮೆಗೂಡನ್ನೂ ಚಿಂತಾಮಣಿಗೆ ಟೊಮ್ಯಾಟೊವನ್ನೂ ಹಗುರವಾದ ವಿದ್ಯುತ್ ಲಗೇಜ್ ಆಟೋಗಳು ಹೊರಲಿ. ಪಾವಗಡದಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ವಿದ್ಯುತ್ ಪಾರ್ಕ್ ಇದೆ. ಬಿಸಿಲಿನ ವಿದ್ಯುತ್ತು ದೊರೆಯುವ ಹಗಲಿನಲ್ಲಿಯೇ ಅವುಗಳನ್ನು ಚಾರ್ಜ್ ಮಾಡುವ ವ್ಯವಸ್ಥೆಯಾಗಬೇಕು.

ವಿದ್ಯಾರ್ಥಿಗಳು ಒಂದು ಕೆಲಸ ಮಾಡಬಹುದು. ಊರಿನಲ್ಲಿರುವ ವಿದ್ಯುತ್ ಸ್ಕೂಟರು, ಆಟೋಗಳು ಒಂದು ಯೂನಿಟ್ಟಿಗೆ ಎಷ್ಟು ಕಿಲೋಮೀಟರ್ ಓಡುತ್ತವೆ, ಎಷ್ಟು ಜನರನ್ನು, ಎಷ್ಟು ಸರಕನ್ನು ಹೊರುತ್ತವೆ ಎಂದು ಒಂದು ತಿಂಗಳು ಬರೆದಿಡಿ. ವಾಹನ ಕೊಳ್ಳುವವರು ‘ಎಷ್ಟು ಎಚ್.ಪಿ.?’ ಎಂದು ಕೇಳುವ ಮೊದಲು ‘ಯೂನಿಟ್ಟಿಗೆ ಎಷ್ಟು ದೂರ?’ ಎಂದು ಕೇಳುವಂತಾದರೆ ಆ ಲೆಕ್ಕದ ಪುಸ್ತಕ ಸಾರ್ಥಕವಾಗುತ್ತದೆ.