ಹೋಬಳಿಯ ತಿರುವು ರಸ್ತೆಗಳಲ್ಲಿ ಸುರಕ್ಷಿತ ಚಾಲನೆ

(ಹುಲಿಯೂರುದುರ್ಗ ಹೋಬಳಿಯ ವಾಹನ ಚಾಲಕರು ಹಾಗೂ ಗ್ರಾಮ ಪಂಚಾಯಿತಿ ಸದಸ್ಯರಿಗೆ ನೀಡಿದ ಉಪನ್ಯಾಸದ ಪಠ್ಯ)



2020ರ ಮಾರ್ಚ್ 6ರಂದು ಕುಣಿಗಲ್ ತಾಲ್ಲೂಕಿನಲ್ಲಿ ಹಾದುಹೋಗುವ ಬೆಂಗಳೂರು–ಮಂಗಳೂರು ಹೆದ್ದಾರಿಯಲ್ಲಿ ಎರಡು ಕಾರುಗಳು ಡಿಕ್ಕಿಯಾಗಿ 13 ಮಂದಿ ಮೃತಪಟ್ಟರು. ನಾಡಿನ ಪತ್ರಿಕೆಗಳೆಲ್ಲ ಅದನ್ನು ಪ್ರಕಟಿಸಿದವು. ಹೋಬಳಿಯ ಒಳರಸ್ತೆಯಲ್ಲಿ ಬೈಕ್ ಸವಾರನೊಬ್ಬ ಜಲ್ಲಿಯ ಮೇಲೆ ಜಾರಿ ಮೋರಿಯ ಕಟ್ಟೆಗೆ ಬಡಿದು ಪ್ರಾಣ ಬಿಟ್ಟರೆ ಅದು ಆ ಊರಿನ, ಬಹಳವೆಂದರೆ ನೆಂಟರ ಊರಿನ ಸುದ್ದಿಯಾಗಿ ಮುಗಿದುಹೋಗುತ್ತದೆ. ಹೀಗೆ ಒಬ್ಬೊಬ್ಬರಾಗಿ ಹೋದವರ ಲೆಕ್ಕವನ್ನು ಒಟ್ಟುಗೂಡಿಸಿದಾಗ ಮಾತ್ರ ಅದರ ಭಾರ ತಿಳಿಯುತ್ತದೆ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತಗಳಿಂದ ಮಡಿದವರು 1,68,491 ಮಂದಿ. ಅವರಲ್ಲಿ ಶೇ 68ರಷ್ಟು ಸಾವುಗಳು ಸಂಭವಿಸಿದ್ದು ಗ್ರಾಮೀಣ ಪ್ರದೇಶದಲ್ಲಿ. ಅಪಘಾತವೆಂದರೆ ನಗರದ ಕಾಯಿಲೆಯೆಂಬ ಭಾವನೆ ಹಳ್ಳಿಗಳಲ್ಲಿ ಇನ್ನೂ ಉಳಿದಿದೆ. ಅಂಕಿ-ಅಂಶಗಳು ಅದನ್ನು ಸಮರ್ಥಿಸುವುದಿಲ್ಲ.

ಹುಲಿಯೂರುದುರ್ಗದ ನೆಲದ ಸ್ವಭಾವವೇ ಇಲ್ಲಿನ ರಸ್ತೆಗಳ ಸ್ವಭಾವವನ್ನು ನಿರ್ಧರಿಸಿದೆ. ಕುಣಿಗಲ್–ಮದ್ದೂರು ರಾಜ್ಯ ಹೆದ್ದಾರಿಯಿಂದ ಕವಲೊಡೆಯುವ ಹಳ್ಳಿ ರಸ್ತೆಗಳು ಬೆಟ್ಟ ಎದುರಾದಲ್ಲಿ ಬಳಸುತ್ತವೆ, ಕೆರೆ ಎದುರಾದಲ್ಲಿ ಏರಿಯನ್ನೇರುತ್ತವೆ, ಹಳ್ಳ ಎದುರಾದಲ್ಲಿ ಇಳಿದು ಏಳುತ್ತವೆ. ಅವುಗಳಲ್ಲಿ ಬಹುಪಾಲು ಎತ್ತಿನಗಾಡಿಯ ಜಾಡಿನ ಮೇಲೆಯೇ ಹಾಸಿದ ಡಾಂಬರು. ಗಾಡಿಯ ವೇಗಕ್ಕೆ ತಕ್ಕ ತಿರುವು ಹಾಗೆಯೇ ಉಳಿಯಿತು. ಅದರ ಮೇಲೆ ಓಡುವ ವಾಹನದ ವೇಗ ಮಾತ್ರ ಹತ್ತು ಪಟ್ಟು ಹೆಚ್ಚಿತು. ಡಾಂಬರು ಎಲ್ಲೋ ಒಂದೆಡೆ ಮುಗಿದು ಜಲ್ಲಿ ಬರುತ್ತದೆ, ಜಲ್ಲಿ ಮುಗಿದು ಕೆಮ್ಮಣ್ಣು ಬರುತ್ತದೆ. ಹಾಗೆ ಬದಲಾಗುವ ಜಾಗದಲ್ಲಿ ಯಾವ ಫಲಕವೂ ಇರುವುದಿಲ್ಲ.

ಮೊದಲು ಅಗಲದ ಲೆಕ್ಕವನ್ನು ನೋಡಬೇಕು. 2000ದ ಡಿಸೆಂಬರಿನಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆಗಳ ಡಾಂಬರು ಪಟ್ಟಿಯ ಸಾಮಾನ್ಯ ಅಗಲ 3.75 ಮೀಟರ್; ಸಂಚಾರ ಕಡಿಮೆ ಇರುವಲ್ಲಿ 3 ಮೀಟರ್. ಒಂದು ಬಸ್ಸಿನ ಅಗಲವೇ ಸುಮಾರು ಎರಡೂವರೆ ಮೀಟರ್. ಎದುರುಬದುರಾಗಿ ಎರಡು ದೊಡ್ಡ ವಾಹನಗಳು ಬಂದರೆ ಎರಡರ ಎಡಗಾಲಿಗಳೂ ಮಣ್ಣಿಗೆ ಇಳಿಯಲೇಬೇಕು. ಡಾಂಬರಿನ ಅಂಚು ಪಕ್ಕದ ಮಣ್ಣಿಗಿಂತ ಗೇಣೆತ್ತರ ನಿಂತಿರುವ ಕಡೆ, ಇಳಿದ ಚಕ್ರ ಮರಳಿ ಏರುವಾಗ ಅಪಾಯ ಕಾದಿರುತ್ತದೆ. ಗಾಬರಿಗೊಂಡ ಚಾಲಕನು ಸ್ಟೇರಿಂಗನ್ನು ಬಲಕ್ಕೆ ಜೋರಾಗಿ ಎಳೆಯುತ್ತಾನೆ. ಅಂಚಿಗೆ ಉಜ್ಜುತ್ತಿದ್ದ ಚಕ್ರ ಒಮ್ಮೆಲೇ ಮೇಲೆ ನೆಗೆದು ವಾಹನ ಬಲಗಡೆಗೆ, ಎದುರಿನವನ ಮೇಲೆಯೇ ನುಗ್ಗುತ್ತದೆ. ಮಣ್ಣಿಗೆ ಇಳಿದವನು ಮಣ್ಣಿನಲ್ಲಿಯೇ ನೇರವಾಗಿ ಸಾಗುತ್ತ ವೇಗ ತಗ್ಗಿಸಿ, ಅಂಚು ತಗ್ಗಿರುವ ಕಡೆ ನಿಧಾನವಾಗಿ ಹತ್ತಬೇಕು. ಬೈಕ್ ಸವಾರರಿಗಂತೂ ಈ ಮಾತು ಇಮ್ಮಡಿಯಾಗಿ ಅನ್ವಯಿಸುತ್ತದೆ.

ವೇಗದ ವಿಷಯದಲ್ಲಿ ಉಪದೇಶಕ್ಕಿಂತ ಲೆಕ್ಕವೇ ಚೆನ್ನಾಗಿ ಮನವರಿಕೆ ಮಾಡಿಕೊಡುತ್ತದೆ. ಗಂಟೆಗೆ 60 ಕಿ.ಮೀ. ವೇಗದ ವಾಹನವು ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರ್ ಕ್ರಮಿಸುತ್ತದೆ. ಅಡ್ಡ ಬಂದ ದನವನ್ನು ಕಂಡು ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿಯೇ ಅಷ್ಟು ದೂರ ಮುಗಿದಿರುತ್ತದೆ. ವೇಗ ಎರಡರಷ್ಟಾದರೆ ಬ್ರೇಕ್ ಹಾಕಿದ ಮೇಲೆ ನಿಲ್ಲಲು ಬೇಕಾಗುವ ದೂರ ನಾಲ್ಕರಷ್ಟಾಗುತ್ತದೆ. ಸಡಿಲ ಜಲ್ಲಿಯ ಮೇಲೆ ಅದಕ್ಕೂ ಹೆಚ್ಚು. ಒಂಟಿ ಪಟ್ಟಿಯ ರಸ್ತೆಯಲ್ಲಿ ಇನ್ನೊಂದು ಸಂಗತಿಯಿದೆ. ತಿರುವಿನಾಚೆಯಿಂದ ಬರುತ್ತಿರುವವನೂ ಅದೇ ಪಟ್ಟಿಯ ಮೇಲೆ ಬರುತ್ತಿರುತ್ತಾನೆ. ಆದುದರಿಂದ ಕಣ್ಣಿಗೆ ಕಾಣುವಷ್ಟು ದೂರದಲ್ಲಿ ನಿಲ್ಲಬಲ್ಲ ವೇಗ ಸಾಲದು. ಕಾಣುವ ದೂರದ ಅರ್ಧದೊಳಗೆ ನಿಲ್ಲಬಲ್ಲ ವೇಗ ಬೇಕು. ಉಳಿದರ್ಧ ಎದುರಿನವನಿಗೆ ಸೇರಿದ್ದು.

ತಿರುವಿಗೆ ಮುನ್ನವೇ ವೇಗ ತಗ್ಗಿಸಿ, ಗೇರ್ ಇಳಿಸಿ, ಹಾರನ್ ಮಾಡಿ, ಎಡಕ್ಕೆ ಒತ್ತರಿಸಿ ಹೋಗತಕ್ಕದ್ದು. ತಿರುವಿನ ನಡುವೆ ಜಲ್ಲಿಯ ಮೇಲೆ ಮುಂದಿನ ಬ್ರೇಕ್ ಒತ್ತಿದ ಬೈಕು ನೆಲಕ್ಕೆ ಬೀಳುವುದು ಬಹುಮಟ್ಟಿಗೆ ಖಚಿತ. ಬಲ ತಿರುವನ್ನು ಒಳಗಿನಿಂದ ಕತ್ತರಿಸಿ ಹೋಗುವ ಅಭ್ಯಾಸ ಯುವಕರಲ್ಲಿದೆ. ವಾರಾಂತ್ಯದಲ್ಲಿ ಹುತ್ರಿದುರ್ಗ, ಹುಲಿಯೂರುದುರ್ಗಗಳ ಚಾರಣಕ್ಕೆ ಬೆಂಗಳೂರಿನಿಂದ ಬರುವ ಸವಾರರಿಗೆ ದಾರಿ ಹೊಸದು. ದಿನವೂ ಓಡಾಡುವ ಊರಿನ ಹುಡುಗರಿಗೆ ಅದು ಅತಿ ಪರಿಚಿತ. ಇವೆರಡರಲ್ಲಿ ಎರಡನೆಯದೇ ಹೆಚ್ಚು ಅಪಾಯಕಾರಿ. ಹೊಸಬನು ಹೆದರಿಯಾದರೂ ನಿಧಾನಿಸುತ್ತಾನೆ.

ಇಳಿಜಾರಿನಲ್ಲಿ ಡೀಸೆಲ್ ಉಳಿಸಲೆಂದು ಗೇರನ್ನು ನ್ಯೂಟ್ರಲ್ಲಿಗೆ ಹಾಕುವುದು, ಇಂಜಿನ್ ಆರಿಸುವುದು ಇನ್ನೂ ಕಂಡುಬರುತ್ತಿದೆ. ಇಂಜಿನ್ ಆರಿದರೆ ಬ್ರೇಕಿಗೆ ದೊರೆಯುವ ನೆರವು ಕೆಲವೇ ಒತ್ತುಗಳಲ್ಲಿ ತೀರಿಹೋಗುತ್ತದೆ, ಪವರ್ ಸ್ಟೇರಿಂಗ್ ಬಿಗಿಯಾಗುತ್ತದೆ. ಏರಿದ ಗೇರಿನಲ್ಲಿಯೇ ಇಳಿಯಬೇಕೆಂಬ ಹಳೆಯ ಲಾರಿ ಚಾಲಕರ ಮಾತು ಇಂದಿಗೂ ಸರಿಯಾದುದೇ. ಇಕ್ಕಟ್ಟಾದ ಏರಿನಲ್ಲಿ ಇಳಿಯುವ ವಾಹನವು ಏರುವ ವಾಹನಕ್ಕೆ ದಾರಿ ಬಿಡಬೇಕೆಂಬುದು ಮೋಟಾರು ವಾಹನ ಚಾಲನಾ ನಿಯಮಾವಳಿಯಲ್ಲಿಯೇ ಇದೆ. ತೆಂಗಿನಕಾಯಿ ತುಂಬಿದ ಟ್ರ್ಯಾಕ್ಟರ್ ಏರಿನ ಮಧ್ಯೆ ನಿಂತರೆ ಮತ್ತೆ ಹೊರಡುವುದು ಎಷ್ಟು ಕಷ್ಟವೆಂಬುದು ಇಲ್ಲಿರುವ ಚಾಲಕರಿಗೆ ತಿಳಿಯದ ವಿಷಯವಲ್ಲ.

ಕೆರೆ ಏರಿಯ ರಸ್ತೆಗಳದು ಬೇರೆಯದೇ ಕಥೆ. ಒಂದು ಬದಿಗೆ ನೀರು, ಇನ್ನೊಂದು ಬದಿಗೆ ತಗ್ಗಿನ ಗದ್ದೆ, ಏರಿಯ ಕೊನೆಯಲ್ಲಿ ತೂಬಿನ ಬಳಿಯಲ್ಲೋ ಕೋಡಿಯ ಬಳಿಯಲ್ಲೋ ಹಠಾತ್ ತಿರುವು. ನೆರೆಯ ಮಂಡ್ಯ ಜಿಲ್ಲೆಯ ಕನಗನಮರಡಿಯಲ್ಲಿ 2018ರ ನವೆಂಬರ್ 24ರಂದು ಬಸ್ಸೊಂದು ವಿ.ಸಿ. ನಾಲೆಗೆ ಉರುಳಿ 30 ಮಂದಿ ಮೃತಪಟ್ಟರು. ಅವರಲ್ಲಿ ಶಾಲಾ ಮಕ್ಕಳೂ ಇದ್ದರು. ಈ ಜಿಲ್ಲೆಯದೇ ಪಾವಗಡ ತಾಲ್ಲೂಕಿನ ಪಳವಳ್ಳಿ ಕಟ್ಟೆಯ ಬಳಿ 2022ರ ಮಾರ್ಚ್ 19ರಂದು ಕಿಕ್ಕಿರಿದು ತುಂಬಿದ್ದ ಖಾಸಗಿ ಬಸ್ಸು ಮಗುಚಿ ಕಾಲೇಜಿಗೆ ಹೊರಟಿದ್ದ ವಿದ್ಯಾರ್ಥಿಗಳು ಸೇರಿ ಹಲವರು ಪ್ರಾಣ ಕಳೆದುಕೊಂಡರು. ಹೊರೆ ಮೇಲೇರಿದಷ್ಟೂ ವಾಹನ ತಿರುವಿನಲ್ಲಿ ಸುಲಭವಾಗಿ ಮಗುಚುತ್ತದೆ. ಬೆಳಿಗ್ಗೆ ಒಂದೇ ಬಸ್ಸು ಇರುವ ಊರಿನ ಮಕ್ಕಳು ಅದನ್ನು ಬಿಟ್ಟರೆ ತರಗತಿಯನ್ನೇ ಬಿಡಬೇಕಾಗುತ್ತದೆ. ಆದಕಾರಣ ಇಲ್ಲಿ ಮಕ್ಕಳನ್ನು ದೂರಿ ಫಲವಿಲ್ಲ. ಇನ್ನೊಂದು ಬಸ್ಸಿಗಾಗಿ ಗ್ರಾಮ ಸಭೆಯಲ್ಲಿ ನಿರ್ಣಯ ಮಾಡಿ ಸಾರಿಗೆ ಸಂಸ್ಥೆಗೆ ಕಳುಹಿಸುವುದು ರಸ್ತೆ ಸುರಕ್ಷತೆಯ ಕೆಲಸವೇ ಆಗಿದೆ.

ಇನ್ನು ಒಕ್ಕಣೆಯ ವಿಷಯ. ಜನವರಿ ತಿಂಗಳನ್ನು ರಾಷ್ಟ್ರೀಯ ರಸ್ತೆ ಸುರಕ್ಷತಾ ಮಾಸವಾಗಿ ಆಚರಿಸಲಾಗುತ್ತಿದೆ. ಹೋಬಳಿಯಲ್ಲಿ ರಾಗಿ, ಹುರುಳಿಗಳು ರಸ್ತೆಯ ಮೇಲೆ ಹರಡಿಕೊಳ್ಳುವುದೂ ಸರಿಸುಮಾರು ಅದೇ ತಿಂಗಳಿನಲ್ಲಿ. ಒಂದೆಡೆ ಭಿತ್ತಿಪತ್ರ, ಅದರ ಕೆಳಗೆಯೇ ಹುರುಳಿ ಮೆದೆ. ಒಣಗಿದ ಹುರುಳಿ ಬಳ್ಳಿ ಚಕ್ರದ ಅಚ್ಚಿಗೆ ಸುತ್ತಿಕೊಳ್ಳುತ್ತದೆ, ಕಾರಿನ ತಳದಲ್ಲಿ ಕಾದ ಸೈಲೆನ್ಸರಿಗೆ ತಗುಲಿ ಹೊತ್ತಿಕೊಳ್ಳುತ್ತದೆ. ನಾಡಿನ ಹಲವೆಡೆ ಹೀಗೆ ಕಾರುಗಳು ಸುಟ್ಟು ಕರಕಲಾಗಿವೆ. ಕಾಳಿನ ಮೇಲೆ ಬೈಕಿನ ಚಕ್ರ ಗೋಲಿಯ ಮೇಲಿಟ್ಟಂತೆ ಜಾರುತ್ತದೆ. ಎಲ್ಲಕ್ಕಿಂತ ಕೆಟ್ಟದ್ದೆಂದರೆ ರಾಶಿಯ ಕಾವಲಿಗೆಂದು ಸುತ್ತ ಇಡುವ ದಪ್ಪ ಕಲ್ಲುಗಳು. ರಾಶಿ ಸಂಜೆಗೆ ಮನೆ ಸೇರುತ್ತದೆ. ಕಲ್ಲು ಅಲ್ಲಿಯೇ ಉಳಿಯುತ್ತದೆ. ರಾತ್ರಿ ಹಾಲಿನ ಡೇರಿಯಿಂದ ಮರಳುವ ಸವಾರನಿಗೆ ಅದು ಕಾಣುವುದಿಲ್ಲ.

ರೈತನನ್ನು ಅಪರಾಧಿಯಂತೆ ನೋಡಿದರೆ ಈ ಸಮಸ್ಯೆ ಬಗೆಹರಿಯದು. ಹಿಂದೆ ಪ್ರತಿ ಊರಿನಲ್ಲಿಯೂ ಸಗಣಿ ಸಾರಿಸಿದ ಕಣಗಳಿದ್ದವು, ಮೇಟಿ ಕಂಬವಿತ್ತು, ರೋಣಗಲ್ಲು ಎಳೆಯಲು ಎತ್ತುಗಳಿದ್ದವು. ಎತ್ತುಗಳು ಹೋದವು, ಕಣದ ಜಾಗದಲ್ಲಿ ಮನೆಗಳೆದ್ದವು, ಆಳಿನ ಕೂಲಿ ಏರಿತು. ಡಾಂಬರು ರಸ್ತೆ ಗಟ್ಟಿಯಾದ ಸಮನೆಲ. ಓಡಾಡುವ ವಾಹನಗಳು ಕೂಲಿ ಕೇಳದೆ ತುಳಿದುಕೊಡುತ್ತವೆ. ಸಣ್ಣ ಹಿಡುವಳಿದಾರನ ಲೆಕ್ಕಾಚಾರ ಅವನ ಮಟ್ಟಿಗೆ ತಪ್ಪಲ್ಲ. ಆದರೆ ಆ ಉಳಿತಾಯದ ಬೆಲೆಯನ್ನು ಇನ್ನೊಬ್ಬನ ಮನೆಯವರು ತೆರುತ್ತಾರೆ. ಆ ರಾಗಿಯಲ್ಲಿ ಬೆರೆಯುವ ಜಲ್ಲಿಚೂರು, ಡಾಂಬರು ಪುಡಿಗಳ ಮಾತು ಬೇರೆಯೇ ಇದೆ. ಉದ್ಯೋಗ ಖಾತರಿ ಕಾಮಗಾರಿಯಡಿ ಒಕ್ಕಣೆ ಕಣಗಳನ್ನು ನಿರ್ಮಿಸಿಕೊಂಡ ಪಂಚಾಯಿತಿಗಳು ರಾಜ್ಯದಲ್ಲಿವೆ. ಗೋಮಾಳವೋ ಶಾಲೆಯ ಹಿಂದಿನ ಖಾಲಿ ನಿವೇಶನವೋ ದೊರೆತರೆ ನಾಲ್ಕು ಊರಿಗೊಂದು ಕಾಂಕ್ರೀಟ್ ಕಣ ಅಸಾಧ್ಯವಾದುದಲ್ಲ. ಅಲ್ಲಿಯವರೆಗೆ ತಿರುವಿನಲ್ಲಿ, ಏರಿಯ ಮೇಲೆ, ಇಳಿಜಾರಿನ ತಳದಲ್ಲಿ ಒಕ್ಕಣೆ ಕೂಡದು, ಕಲ್ಲಿಡಕೂಡದು, ಕತ್ತಲಾಗುವ ಮುನ್ನ ರಸ್ತೆ ಗುಡಿಸಬೇಕು. ಇಷ್ಟನ್ನಾದರೂ ಆಯಾ ಊರಿನ ಹಿರಿಯರೇ ನಿಂತು ನಡೆಸಿಕೊಡಬೇಕಾಗಿದೆ. ಚಾಲಕನಾದವನು ಹುರುಳಿ ಹಾಸಿದ್ದು ಕಂಡರೆ ಅದರ ಮೇಲೆ ವಾಹನ ನಿಲ್ಲಿಸಬಾರದು. ದಾಟಿದ ಮೇಲೆ ಸುಟ್ಟ ವಾಸನೆ ಬಂದಲ್ಲಿ ಎಲ್ಲರನ್ನೂ ಇಳಿಸಿ ತಳವನ್ನು ನೋಡತಕ್ಕದ್ದು.

ಮಳೆಗಾಲದಲ್ಲಿ ಮೊದಲ ಹನಿಗೆ ಧೂಳು ಲೇಪದಂತಾಗಿ ಡಾಂಬರು ಜಾರುತ್ತದೆ. ಹಳ್ಳ ತುಂಬಿ ರಸ್ತೆಯ ಮೇಲೆ ನೀರು ಹರಿಯುತ್ತಿದ್ದರೆ ದಾಟಬಾರದು. ಒಂದಡಿ ನೀರು ಸಣ್ಣ ಕಾರನ್ನು ತೇಲಿಸಬಲ್ಲದು, ನೀರಿನಡಿಯಲ್ಲಿ ರಸ್ತೆ ಉಳಿದಿದೆಯೋ ಇಲ್ಲವೋ ಕಾಣುವುದೂ ಇಲ್ಲ. ರಾತ್ರಿ ಹಂದಿ, ಚಿರತೆಗಳು ಅಡ್ಡ ಬರುವುದುಂಟು. ಮದ್ದೂರಿನ ಕಡೆಗೆ ಕಬ್ಬು ಹೊತ್ತು ಸಾಗುವ ಟ್ರೇಲರ್‌ಗಳ ಹಿಂದೆ ಕೆಂಪು ಪ್ರತಿಫಲಕ ಪಟ್ಟಿ ಅಂಟಿಸಲು ಆಗುವ ಖರ್ಚು ಅತ್ಯಲ್ಪ. ಹೆಲ್ಮೆಟ್ ಪೊಲೀಸರಿಗಾಗಿ ಅಲ್ಲವೆಂಬುದನ್ನು ಮತ್ತೆ ವಿವರಿಸುವ ಅಗತ್ಯವಿಲ್ಲ. ಪಟ್ಟಿ ಬಿಗಿಯದ ಹೆಲ್ಮೆಟ್ ತಲೆಗಿಂತ ಮೊದಲೇ ಹಾರಿಹೋಗುತ್ತದೆಂಬುದಷ್ಟೇ ಹೇಳತಕ್ಕ ಮಾತು. ಹದಿನೆಂಟು ತುಂಬದ ಮಗನಿಗೆ ಬೈಕು ಕೊಟ್ಟು ಅಪರಾಧ ನಡೆದರೆ ಪೋಷಕರಿಗೆ ಮೂರು ವರ್ಷಗಳವರೆಗೆ ಸೆರೆವಾಸ, 25,000 ರೂ. ದಂಡ ಎಂದು 2019ರ ತಿದ್ದುಪಡಿ ಹೇಳುತ್ತದೆ. ಅದೇ ತಿದ್ದುಪಡಿಯು ರಸ್ತೆಯ ವಿನ್ಯಾಸ, ನಿರ್ವಹಣೆಗಳಲ್ಲಿ ಲೋಪವೆಸಗಿದ ಪ್ರಾಧಿಕಾರ ಮತ್ತು ಗುತ್ತಿಗೆದಾರರಿಗೂ ದಂಡ ವಿಧಿಸಿದೆ. ತಪ್ಪು ಚಾಲಕನದು ಮಾತ್ರವಲ್ಲವೆಂದು ಕಾನೂನೇ ಒಪ್ಪಿಕೊಂಡಂತಾಯಿತು.

2016ರ ಫೆಬ್ರವರಿಯಲ್ಲಿ ಗುಬ್ಬಿ ತಾಲ್ಲೂಕಿನ ತನ್ನೂರಿನಲ್ಲಿ ಪಂಚಾಯಿತಿ ಚುನಾವಣೆಗೆ ಮತ ಹಾಕಿ ಬೈಕಿನಲ್ಲಿ ಬೆಂಗಳೂರಿಗೆ ಮರಳುತ್ತಿದ್ದ ಯುವಕನೊಬ್ಬ ನೆಲಮಂಗಲದ ಬಳಿ ಲಾರಿಗೆ ಸಿಲುಕಿದನು. ದೇಹ ಎರಡು ತುಂಡಾಗಿದ್ದರೂ ತನ್ನ ಅಂಗಾಂಗಗಳನ್ನು ದಾನ ಮಾಡುವಂತೆ ಕೇಳಿಕೊಂಡನು. ರಸ್ತೆ ಅಪಘಾತಕ್ಕೆ ಸಿಲುಕಿದವರಿಗೆ ಮೊದಲ 48 ಗಂಟೆಗಳಲ್ಲಿ 25,000 ರೂ.ವರೆಗೆ ಉಚಿತ ಚಿಕಿತ್ಸೆ ನೀಡುವ ಯೋಜನೆಗೆ ರಾಜ್ಯ ಸರ್ಕಾರ ಅದೇ ವರ್ಷ ಅವನ ಹೆಸರನ್ನಿಟ್ಟಿತು: ಮುಖ್ಯಮಂತ್ರಿಗಳ ಸಾಂತ್ವನ ಹರೀಶ್ ಯೋಜನೆ. 2025ರಿಂದ ಕೇಂದ್ರದ ಯೋಜನೆಯಂತೆ ಗುರುತಿಸಿದ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂ.ವರೆಗಿನ ನಗದುರಹಿತ ಚಿಕಿತ್ಸೆಗೆ ಅವಕಾಶವಿದೆ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವನನ್ನು ಪೊಲೀಸರು ತಡೆದು ನಿಲ್ಲಿಸುವಂತಿಲ್ಲ, ಹೆಸರು ಹೇಳೆಂದು ಒತ್ತಾಯಿಸುವಂತಿಲ್ಲ. ಸಾಕ್ಷಿ ಹೇಳಲು ಕೋರ್ಟಿಗೆ ಅಲೆಯಬೇಕಾದೀತೆಂಬ ಹಳೆಯ ಭಯದಿಂದ ಇಂದಿಗೂ ಜನ ದೂರ ಸರಿಯುತ್ತಾರೆ. ಗ್ರಾಮ ಸಭೆಗಳಲ್ಲಿ ಈ ಅಂಶವನ್ನು ಓದಿ ಹೇಳುವುದು ಒಳಿತು.

108ಕ್ಕೆ ಕರೆ ಮಾಡಿದವನಿಗೆ ಎದುರಾಗುವ ಮೊದಲ ಪ್ರಶ್ನೆ, ಎಲ್ಲಿ ಎಂಬುದು. ಹಗಲಿನಲ್ಲಿಯೇ ಒಂದೇ ತೆರನಾಗಿ ಕಾಣುವ ತೋಪು, ಹೊಲಗಳ ನಡುವೆ ಕತ್ತಲಲ್ಲಿ ಹೊರಗಿನವನು ಏನೆಂದು ಹೇಳಿಯಾನು? ಬೆಟ್ಟದ ಮರೆಯಲ್ಲಿ ಮೊಬೈಲಿಗೆ ಸಿಗ್ನಲ್ ಸಿಗದ ಜಾಗಗಳೂ ಇವೆ. ಪ್ರತಿ ಮೋರಿಯ ಕಟ್ಟೆಗೆ ಸುಣ್ಣ ಬಳಿದು, ಹತ್ತಿರದ ಊರಿನ ಹೆಸರು, ಮುಖ್ಯರಸ್ತೆಯಿಂದ ಇರುವ ದೂರ, ಮೋರಿಯ ಸಂಖ್ಯೆಗಳನ್ನು ಕಪ್ಪು ಬಣ್ಣದಲ್ಲಿ ಬರೆಸಬಹುದು. ತಿರುವಿನ ಒಳಬದಿಯ ಲಂಟಾನ ಪೊದೆ ಸವರುವ ಆಳುಗಳೇ ಅದೇ ದಿನ ಈ ಕೆಲಸವನ್ನೂ ಮುಗಿಸಬಲ್ಲರು. ಬರೆದ ಸಂಖ್ಯೆಗಳ ಪಟ್ಟಿಯ ಒಂದು ಪ್ರತಿ ಪೊಲೀಸ್ ಠಾಣೆಯಲ್ಲಿ, ಒಂದು ಆರೋಗ್ಯ ಕೇಂದ್ರದಲ್ಲಿ, ಒಂದು ಆಂಬುಲೆನ್ಸ್ ಚಾಲಕನ ಕೈಯಲ್ಲಿ ಇರತಕ್ಕದ್ದು.